ಕಾಗಕ್ಕನ ಕಾಹಿಲೆ

ಕೆನಡಾ ದೇಶದ ವೈದ್ಯಕೀಯ ಸಂಘದ ಪತ್ರಿಕೆಯು ೨೦೦೦ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಒಂದು ವಿಲಕ್ಷಣವಾದ ಲೇಖನವನ್ನು ಪ್ರಕಟಿಸಿತು. ಡಾಲ್‌ಹೌಸಿ ವಿಶ್ವವಿದ್ಯಾನಿಲಯದ ಕೆಲವು ಮಂದಿ ವೈದ್ಯರು, ೧೯೨೬ರಲ್ಲಿ ಎ. ಎ. ಮಿಲ್ನ್ ಎಂಬ ಆಂಗ್ಲ ಲೇಖಕನು ಮಕ್ಕಳಿಗಾಗಿ ಬರೆದ ಕರಡಿಯ ಕಥೆಯನ್ನು ಮುಂದಿಟ್ಟುಕೊಂಡು, ಅದರಲ್ಲಿ ಬರುವ ಒಂದೊಂದು ಪ್ರಾಣಿಯ ನಾಡಿಯನ್ನೂ ಹಿಡಿದು ನೋಡಿದರು. ಜೇನುತುಪ್ಪವನ್ನೇ ಧ್ಯಾನಿಸುವ ಕರಡಿಗೆ ಗಮನ ನಿಲ್ಲದ ವ್ಯಾಧಿ. ಸದಾ ನಡುಗುವ ಹಂದಿಮರಿಗೆ ಆತಂಕ. ಮುಖ ಜೋಲಿಸಿಕೊಂಡ ಕತ್ತೆಗೆ ದೀರ್ಘಕಾಲದ ಖಿನ್ನತೆ. ಪಂಡಿತನೆನಿಸಿಕೊಂಡ ಗೂಬೆಗೆ ಅಕ್ಷರಗಳ ತೊಡಕು. ಹೀಗೆಂದು ಗಂಭೀರ ಮುದ್ರೆಯಿಂದ ಬರೆದು, ಓದಿದವರೆಲ್ಲರನ್ನೂ ನಗಿಸಿದರು.

ನಾವೂ ನಕ್ಕೆವು. ನಕ್ಕ ಮೇಲೆ ನಮ್ಮ ಸ್ವದೇಶಾಭಿಮಾನವು ಕೊಂಚ ಕೆರಳಿತು. ಪಶ್ಚಿಮ ದೇಶದ ಕರಡಿಗೆ ಸಲ್ಲುವ ಮರ್ಯಾದೆಯು ನಮ್ಮ ಕಾಗಕ್ಕನಿಗೆ ಏಕೆ ಸಲ್ಲಬಾರದು? ಮನಶ್ಶಾಸ್ತ್ರವೇನೂ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲಿಯೇ ಆ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವು ಏರ್ಪಟ್ಟಿತು. ಅದರ ಆಚಾರ್ಯರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರೇ ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದವರು. ನಗೆಯಂತೂ ಹೇಮಾವತಿಯ ದಡದ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರನ್ನು ಪಡೆದ ನಮ್ಮ ಹಾಸನದ ಸೀಮೆಗೆ ಹುಟ್ಟುಗುಣ. ಆದಕಾರಣ ಶಾಸ್ತ್ರವನ್ನೂ ನಗೆಯನ್ನೂ ಕೂಡಿಸಿ ನಾವೂ ಒಂದು ಪರೀಕ್ಷೆಯನ್ನು ನಡೆಸಬಾರದೇಕೆ?

ಅವಕಾಶವು ತಾನಾಗಿಯೇ ಒದಗಿತು. ಈಚೆಗೆ ಒಂದು ದಿನ ಹಾಸನದಿಂದ ಹೊಳೆನರಸೀಪುರಕ್ಕೆ ರೈಲಿನಲ್ಲಿ ಹೊರಟಿದ್ದೆವು. ನಮ್ಮ ಎದುರಿಗೆ ಅರಕಲಗೂಡು ಕಡೆಯ ಒಬ್ಬ ಮುದುಕಮ್ಮನವರು ಐದು ವರ್ಷದ ಮೊಮ್ಮಗನಿಗೆ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಹೇಳುತ್ತಿದ್ದರು. ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆ ಬಂದಿತು, ಸಗಣಿಯ ಮನೆ ಕೊಚ್ಚಿಹೋಯಿತು. ಕಾಗಕ್ಕ ಬಂದು ಬಾಗಿಲು ಬಡಿದರೆ, ಮಗುವಿಗೆ ನೀರು ಹಾಕುತ್ತೇನೆ, ಅನ್ನ ಉಣ್ಣಿಸುತ್ತೇನೆ, ಮಲಗಿಸುತ್ತೇನೆ ಎಂದು ಗುಬ್ಬಕ್ಕ ಕಾಲಹರಣ ಮಾಡಿದಳು. ಪ್ರತಿಯೊಬ್ಬ ವಾಚಕರಿಗೂ ಈ ಕಥೆಯು ಬಾಯಿಪಾಠ.

ನಮ್ಮ ರೋಗನಿರ್ಣಯವು ಇಂತಿದೆ. ಕಾಗಕ್ಕನಿಗಿರುವುದು ನಾಳೆ ಎಂಬುದನ್ನು ಎಣಿಸಲಾರದ ವ್ಯಾಧಿ. ಇದು ಸಾಲ ಮಾಡಿ ಮದುವೆ ನಡೆಸುವ ಗೃಹಸ್ಥರಲ್ಲಿಯೂ, ಮಳೆಗಾಲ ಬಂದ ಮೇಲೆ ಚರಂಡಿ ತೋಡಿಸುವ ಪುರಸಭೆಗಳಲ್ಲಿಯೂ ಕಂಡುಬರುತ್ತದೆ. ಗುಬ್ಬಕ್ಕನದಾದರೋ ಕ್ರಮದ ಗೀಳು. ಒಂದು ಕೆಲಸ ಮುಗಿಯದೆ ಇನ್ನೊಂದನ್ನು ಮುಟ್ಟಳು. ಬಾಗಿಲ ಹೊರಗೆ ನೆನೆಯುತ್ತ ನಿಂತ ಪ್ರಾಣಿಗೆ, ಕೈಯಲ್ಲಿರುವ ಕೆಲಸ ಮುಗಿದ ಮೇಲೆ ಬಾ ಎನ್ನುವ ಈ ಲಕ್ಷಣವನ್ನು ನಮ್ಮ ವಾಚಕರಲ್ಲಿ ಅನೇಕರು ಕಚೇರಿಗಳ ಕಿಟಕಿಯ ಬಳಿ ಕಂಡೇ ಇರುವರು.

ಕಚೇರಿಯ ಮಾತು ಬಂದುದರಿಂದ ದಮನಕನನ್ನು ಬಿಡುವುದು ನ್ಯಾಯವಲ್ಲ. ಹನ್ನೊಂದನೆಯ ಶತಮಾನದ ದುರ್ಗಸಿಂಹನ ಪಂಚತಂತ್ರವು ನಮ್ಮ ಭಾಷೆಯ ಹಿರಿಯ ಕಥಾಭಂಡಾರಗಳಲ್ಲೊಂದು. ಅಲ್ಲಿ ಪಿಂಗಳಕನೆಂಬ ಸಿಂಹರಾಜನು ಎಂದೂ ಕೇಳದಿದ್ದ ಒಂದು ಗುಟುರನ್ನು ಕೇಳಿ ನೀರು ಕುಡಿಯುವುದನ್ನೂ ಬಿಟ್ಟು ಹಿಮ್ಮೆಟ್ಟುತ್ತಾನೆ. ಗುಟುರು ಹಾಕಿದ್ದು ಸಂಜೀವಕನೆಂಬ ಹುಲ್ಲು ಮೇಯುವ ಎತ್ತು! ಸಿಂಹಕ್ಕೆ ಆತಂಕರೋಗವೆಂಬುದು ನಿಸ್ಸಂಶಯ. ಆದರೆ ರೋಗಿಗಿಂತ ಅಪಾಯಕಾರಿ ಅವನ ಶುಶ್ರೂಷಕನು. ನರಿಯಾದ ದಮನಕನು ದೊರೆಯ ಭಯವನ್ನು ಮೊದಲು ಶಮನ ಮಾಡಿ ಪದವಿಯನ್ನು ಪಡೆದನು. ಆಮೇಲೆ ಅದೇ ಭಯವನ್ನು ಕೆರಳಿಸಿ ಎತ್ತನ್ನು ಕೊಲ್ಲಿಸಿದನು. ಮೇಲಧಿಕಾರಿಯ ಕಿವಿಯ ಬಳಿ ಪಿಸುಗುಟ್ಟುವ ಈ ಚಟಕ್ಕೆ ಸಾವಿರ ವರ್ಷದಿಂದಲೂ ಔಷಧವು ದೊರೆತಿಲ್ಲ. ವರ್ಗಾವಣೆಯಿಂದ ಸ್ವಲ್ಪ ಶಾಂತವಾಗುತ್ತದೆಂದು ಅನುಭವಿಗಳು ಹೇಳುತ್ತಾರೆ.

ಬೊಮ್ಮನಹಳ್ಳಿಯ ಗೌಡನದು ಇನ್ನೊಂದು ಪ್ರಕರಣ. ರಾಬರ್ಟ್ ಬ್ರೌನಿಂಗನು ೧೮೪೨ರಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಕಥೆಯನ್ನು ಕುವೆಂಪುರವರು ತುಂಗೆಯ ದಡಕ್ಕೆ ತಂದು ಕಿಂದರಿಜೋಗಿಯನ್ನು ನಮ್ಮವನನ್ನಾಗಿ ಮಾಡಿದರು. ಇಲಿಗಳಿರುವಾಗ ಗೌಡನಿಗೆ ವಾಗ್ದಾನಗಳು ನೆನಪಿರುತ್ತವೆ. ಇಲಿಗಳು ಹೊಳೆಯ ಪಾಲಾದೊಡನೆ ಮರೆವು ಆವರಿಸುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಈ ಮರೆವು ಚುನಾವಣೆಯ ಮರುದಿನವೇ ಉಲ್ಬಣಿಸುವುದೆಂಬುದನ್ನು ವಿವರಿಸಬೇಕಾಗಿಲ್ಲ. ಗೌಡನ ಮರೆವಿಗೆ ದಂಡ ತೆತ್ತವರು ಮಾತ್ರ ಊರಿನ ಮಕ್ಕಳು.

ಇನ್ನು ಪುಣ್ಯಕೋಟಿಯ ಅರ್ಬುತನನ್ನು ನೋಡೋಣ. ಹಸಿದ ಹುಲಿಯೊಂದು, ಕೊಟ್ಟ ಮಾತಿಗಾಗಿ ಹಿಂದಿರುಗಿ ಬಂದ ಹಸುವನ್ನು ಕಂಡು, ಪಶ್ಚಾತ್ತಾಪದಿಂದ ತನ್ನ ಪ್ರಾಣವನ್ನೇ ನೀಗಿಕೊಂಡಿತು. ಇಲ್ಲಿ ನಮ್ಮ ವಿನೋದವು ತಡವರಿಸುತ್ತದೆ. ಎಷ್ಟೋ ತಲೆಮಾರಿನ ಮಕ್ಕಳು ಹಸುವಿಗಾಗಿ ಅತ್ತು, ಕೊನೆಗೆ ಹುಲಿಗಾಗಿಯೂ ಅತ್ತಿದ್ದಾರೆ. ಶತ್ರುವಿಗಾಗಿ ಅಳುವುದನ್ನು ಕಲಿಸಿದ ಪಾಠವು ಯಾವ ಶಾಸ್ತ್ರದಲ್ಲಿದೆ?

ನಮ್ಮ ಹಾಸನದ ಮಕ್ಕಳು ಕೇಳಿ ಬೆಳೆಯುವ ಸೊಸೆಕಲ್ಲಿನ ಕಥೆಯೂ ಹೀಗೆಯೇ. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ ತೆರೆಯುತ್ತದೆ. ಅತ್ತೆಯ ಕೈಯೇಟು ತಿಂದು ದೇವಿಯಲ್ಲಿ ಮೊರೆಯಿಟ್ಟ ಸೊಸೆಯು ಅಲ್ಲಿ ಕಲ್ಲಾಗಿ ನಿಂತಳೆಂದೂ, ಆ ಕಲ್ಲು ವರ್ಷಕ್ಕೆ ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುವುದೆಂದೂ ಪ್ರತೀತಿ. ಭಕ್ತರ ಭಾವಕ್ಕೆ ನಾವು ಅಡ್ಡ ಬರುವವರಲ್ಲ. ಆದರೆ ಪೆಟ್ಟು ತಿಂದವರು ಮಾತು ಬಿಟ್ಟು ಕಲ್ಲಾಗುವುದುಂಟೆಂಬುದನ್ನು ನಮ್ಮ ಅಜ್ಜಿಯಂದಿರು ವೈದ್ಯರಿಗಿಂತ ಮುಂಚೆಯೇ ಬಲ್ಲವರಾಗಿದ್ದರೆಂದು ಮಾತ್ರ ಹೇಳುತ್ತೇವೆ.

ಇಷ್ಟೆಲ್ಲವನ್ನೂ ರೈಲಿನಲ್ಲಿಯೇ ಯೋಚಿಸಿ ನಾವು ಒಳಗೊಳಗೇ ಬೀಗುತ್ತಿದ್ದೆವು. ಮಾವಿನಕೆರೆ ದಾಟಿತ್ತು, ಕಥೆಯೂ ಮುಗಿದಿತ್ತು. ಆಗ ಆ ಹುಡುಗನು ಕೇಳಿದನು: “ಅಜ್ಜೀ, ಆವತ್ತು ರಾತ್ರಿ ಕಾಗಕ್ಕ ಎಲ್ಲಿ ಮಲಗ್ತು?”

“ಸುಮ್ನಿರೋ ಮಗಾ, ಕತೆ ಮುಗೀತು.”

“ಮಳೆ ಮುಗೀಲಿಲ್ವಲ್ಲಾ!”

ನಮ್ಮ ಪಾಂಡಿತ್ಯವು ಅಲ್ಲಿಗೆ ತಲೆ ತಗ್ಗಿಸಿತು. ಕಾಗಕ್ಕನಿಗೆ ಏನು ಕಾಹಿಲೆ ಎಂದು ನಾವು ಕೇಳಿದೆವು. ಎಲ್ಲಿ ಮಲಗಿದಳು ಎಂದು ಮಗು ಕೇಳಿತು. ಹೆಸರಿಡುವುದು ನಮ್ಮ ಕೆಲಸವಾಯಿತು, ಮರುಗುವುದು ಅದರ ಕೆಲಸವಾಯಿತು.

ಈ ಪ್ರಸಂಗವನ್ನು ಚನ್ನರಾಯಪಟ್ಟಣದ ನಮ್ಮ ಮಿತ್ರರೊಬ್ಬರಿಗೆ ಹೇಳಿದೆವು. ಅವರು ನಿವೃತ್ತ ಉಪಾಧ್ಯಾಯರು. ಮೊದಲು ನಕ್ಕರು, ಗೂಬೆಯ ಅಕ್ಷರಗಳ ತೊಡಕಿನ ಮಾತು ಬಂದಾಗ ಮೌನವಾದರು. ಅವರ ತರಗತಿಯಲ್ಲಿ ಒಬ್ಬ ಹುಡುಗನಿದ್ದನಂತೆ. ಬಾಯಿಲೆಕ್ಕದಲ್ಲಿ ಎಲ್ಲರಿಗಿಂತ ಮುಂದು. ಪುಸ್ತಕ ಹಿಡಿದರೆ ಅಕ್ಷರಗಳು ತಲೆಕೆಳಗು. “ದಡ್ಡ ಅಂತ ಕರೆದೆ, ಸ್ವಾಮಿ. ಬೆತ್ತದಿಂದಲೂ ಹೊಡೆದೆ. ಅವನು ಶಾಲೆ ಬಿಟ್ಟ ಎಷ್ಟೋ ವರ್ಷದ ಮೇಲೆ ಇಂಥದೊಂದು ತೊಡಕು ಉಂಟು ಅಂತ ಓದಿದೆ,” ಎಂದರು. ಅವರಿಗೆ ಉತ್ತರ ಕೊಡಲು ನಮ್ಮಲ್ಲಿ ವಿನೋದದ ಮಾತೊಂದೂ ಉಳಿದಿರಲಿಲ್ಲ.

ಆದಕಾರಣ ಕಾಹಿಲೆಗೆ ಹೆಸರಿಡುವುದೇ ತಪ್ಪೆಂದು ನಾವು ಹೇಳಲಾರೆವು. ಸರಿಯಾದ ಹೆಸರು ಆ ಹುಡುಗನನ್ನು ಬೆತ್ತದಿಂದ ಉಳಿಸಬಹುದಾಗಿತ್ತು. ‘ದಡ್ಡ’, ‘ಪೆದ್ದ’, ‘ಹುಚ್ಚ’ ಎಂಬವೂ ರೋಗನಿರ್ಣಯಗಳೇ. ಓದಿಲ್ಲದ ವೈದ್ಯರು ಜಗಲಿಯ ಮೇಲೆ ಕುಳಿತು ಕೊಡುವಂಥವು. ಸಹಾಯವು ಹಿಂಬಾಲಿಸುವ ಹೆಸರು ಔಷಧ. ನಗೆಯೊಂದೇ ಹಿಂಬಾಲಿಸುವ ಹೆಸರು ಪೆಟ್ಟು. ಮನಸ್ಸಿನ ಚಿಕಿತ್ಸೆಗಾಗಿ ಬೆಂಗಳೂರಿನಲ್ಲಿ ೧೯೭೪ರಿಂದ ನಿಮ್ಹಾನ್ಸ್ ಸಂಸ್ಥೆಯಿದೆ. ೧೯೯೬ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯೋಗವೇ ಮಾದರಿ. ಮಾನಸಿಕ ಚಿಕಿತ್ಸೆಯನ್ನು ಪಡೆಯುವುದು ಪ್ರಜೆಯ ಹಕ್ಕೆಂದು ೨೦೧೭ರ ಕಾಯ್ದೆಯು ಸಾರಿದೆ. ಹಲ್ಲುನೋವಿಗೆ ಮಗುವನ್ನು ಕರೆದೊಯ್ಯಲು ನಾಚದ ತಂದೆತಾಯಿಗಳು ಮನಸ್ಸಿನ ನೋವಿಗೆ ನಾಚುವುದೇಕೆ?

ಆದರೆ ವೈದ್ಯರ ಬಾಗಿಲಿಗಿಂತ ಮೊದಲು ಮನೆಯ ಬಾಗಿಲುಂಟು. ಮಗುವಿನ ಮನಸ್ಸಿನಲ್ಲಿ ಏನಿದೆಯೆಂಬುದು, ಅದಕ್ಕೆ ಕಥೆ ಹೇಳಿ ಅದರ ಪ್ರಶ್ನೆಯನ್ನು ಕೇಳಿದವರಿಗೆ ತಿಳಿಯುತ್ತದೆ. ಕೈಗೆ ಮೊಬೈಲನ್ನು ಕೊಟ್ಟು ಸುಮ್ಮನಿರಿಸಿದವರಿಗೆ ಆ ಪ್ರಶ್ನೆಯು ಕೇಳಿಸುವುದೇ ಇಲ್ಲ. ಹೊಳೆನರಸೀಪುರದ ನಿಲ್ದಾಣದಲ್ಲಿ ನಾವು ಇಳಿಯುವಾಗ ಆ ಮುದುಕಮ್ಮನವರು ಸೋತು, ಕಾಗಕ್ಕನನ್ನು ಗುಬ್ಬಕ್ಕನ ಒಲೆಯ ಪಕ್ಕದಲ್ಲಿ ಮಲಗಿಸಿ, ಮೇಲೊಂದು ಕಂಬಳಿಯನ್ನೂ ಹೊದಿಸಿದ್ದರು. ಹುಡುಗನು ನಿಶ್ಚಿಂತನಾಗಿದ್ದನು. ನಮ್ಮ ವಾಚಕ ಮಹಾಶಯರು ಇಂದು ರಾತ್ರಿ ತಮ್ಮ ಮನೆಯಲ್ಲಿ ಒಂದು ಕಥೆಯನ್ನು ಹೇಳಲಿ. ಮುಗಿದ ಮೇಲೆ ಬರುವ ಪ್ರಶ್ನೆಗೆ ಸುಮ್ಮನಿರು ಎನ್ನದಿರಲಿ.