ಹಾವು ಬರುವುದು ಮಧುಮಾಲತಿಯ ಘಮಕ್ಕಲ್ಲ

‘ಮಧುಮಾಲತಿ ಹಬ್ಬಿಸಬೇಡಿ, ರಾತ್ರಿ ಅದರ ವಾಸನೆಗೆ ಹಾವು ಬರುತ್ತದೆ.’ ಬೀದರ್, ಭಾಲ್ಕಿ, ಔರಾದ್ ಕಡೆ ಗೇಟಿನ ಕಮಾನಿಗೆ ಈ ಬಳ್ಳಿ ಹಬ್ಬಿಸಲು ಹೊರಟವರಿಗೆ ಯಾರಾದರೊಬ್ಬ ಹಿರಿಯರು ಈ ಮಾತು ಹೇಳಿಯೇ ಹೇಳುತ್ತಾರೆ. ಹೆದರಿ, ಹೂ ತುಂಬಿದ ಬಳ್ಳಿಯನ್ನು ಬುಡಕ್ಕೇ ಕಡಿಸುವವರೂ ಇದ್ದಾರೆ. ಕೇದಿಗೆ, ರಾತ್ರಿರಾಣಿಗಳ ಮೇಲೂ ಇದೇ ಆರೋಪವಿದೆ.

ಹಾವು ವಾಸನೆ ಹಿಡಿಯುವುದು ಮುಖ್ಯವಾಗಿ ನಾಲಿಗೆಯಿಂದ. ಸೀಳು ನಾಲಿಗೆ ಗಾಳಿಯಿಂದ, ನೆಲದಿಂದ ಎತ್ತಿಕೊಂಡ ಕಣಗಳನ್ನು ಅಂಗುಳಿನ ಮೇಲಿರುವ ಜೇಕಬ್‌ಸನ್ ಅಂಗ ಗುರುತಿಸುತ್ತದೆ. ಅದು ಹುಡುಕುವುದು ಇಲಿಯ, ಕಪ್ಪೆಯ, ಹಲ್ಲಿಯ ಜಾಡನ್ನು, ಇಲ್ಲವೇ ತನ್ನ ಜೋಡಿಯ ಜಾಡನ್ನು. ಹೂವಿನಿಂದ ಅದಕ್ಕೆ ಆಗಬೇಕಾದ್ದೇನೂ ಇಲ್ಲ. ಹಾಗೆಂದು ಹಿರಿಯರು ಬಳ್ಳಿಯ ಬುಡದಲ್ಲಿ ಹಾವನ್ನು ಕಂಡಿರಲಿಕ್ಕಿಲ್ಲ ಎನ್ನಲಾರೆ. ಸವರದೆ ಬಿಟ್ಟ ಮಧುಮಾಲತಿ ಬುಡದಲ್ಲಿ ಪೊದೆಯಾಗುತ್ತದೆ, ಒಣ ಎಲೆ ರಾಶಿ ಬೀಳುತ್ತದೆ, ನೆಲ ತಂಪಾಗಿರುತ್ತದೆ. ಹುಳು ಹುಪ್ಪಟೆಗೆ ಕಪ್ಪೆ, ಹಲ್ಲಿ ಬರುತ್ತವೆ, ಅವುಗಳ ಹಿಂದೆ ಹಾವು. ಅಪಾಯ ಇರುವುದು ನೆಲಮಟ್ಟದಲ್ಲಿ. ಹೂವು ಇರುವುದು ತಲೆಯ ಮೇಲೆ.

ಭಾಲ್ಕಿ, ಔರಾದ್‌ನ ಹಳ್ಳಿಗಳಲ್ಲಿ ಮನೆಗೆ ಒತ್ತಿಕೊಂಡೇ ಕಣಿಕೆಯ ಬಣವಿ, ತೊಗರಿ ಕಟ್ಟಿಗೆ, ಸೋಯಾ ಹೊಟ್ಟು ಇರುತ್ತವೆ. ಇಲಿಗಳು ಮರಿ ಹಾಕುವುದು ಅಲ್ಲೇ. ನಾಗರ, ಕೊಳಕುಮಂಡಲಗಳ ಭಯವಿದ್ದರೆ ಮೊದಲು ಆ ರಾಶಿಗಳನ್ನು ಮನೆಯಿಂದ ದೂರ ಸರಿಸಬೇಕು, ಗೋಡೆಯ ಬಿಲ ಮುಚ್ಚಬೇಕು. ಬಳ್ಳಿಯ ಬುಡದಿಂದ ಎರಡು ಅಡಿಯವರೆಗೆ ಕವಲು ತೆಗೆದು, ಕಸ ಗುಡಿಸಿ, ನೆಲ ಕಾಣುವಂತೆ ಇಟ್ಟರೆ ಸಾಕು. ಬಳ್ಳಿ ಕಡಿದು ಬಣವಿ ಉಳಿಸಿಕೊಂಡರೆ ಹಾವು ಎಲ್ಲಿಗೂ ಹೋಗುವುದಿಲ್ಲ.

ಇನ್ನೊಂದು ನಂಬಿಕೆ: ಒಂದೇ ಗೊಂಚಲಿನಲ್ಲಿ ಬಿಳಿ, ಗುಲಾಬಿ, ಕೆಂಪು ಹೂಗಳಿರುವುದರಿಂದ ಇದು ಕಸಿ ಮಾಡಿದ ಬಳ್ಳಿ ಎಂಬುದು. ಹಾಗಲ್ಲ, ಬಣ್ಣ ಬದಲಾಗುವುದು ಒಂದೇ ಹೂವಿನದು. ಮುಸ್ಸಂಜೆ ಅರಳುವಾಗ ಅದು ಬಿಳಿ. ಮರುದಿನ ಗುಲಾಬಿಗೆ ತಿರುಗಿ, ಮೂರನೆಯ ದಿನ ಕೆಂಪಾಗಿ ತಲೆ ಬಾಗಿಸುತ್ತದೆ. ಕತ್ತಲಲ್ಲಿ ಎದ್ದು ಕಾಣುವ ಬಿಳುಪು, ಆಗಲೇ ಏರುವ ಘಮ, ಹೂವಿನ ಉದ್ದ ಕೊಳವೆ, ಮೂರೂ ಉದ್ದ ಹೀರುನಾಳದ ನಿಶಾಚರ ಪತಂಗಗಳಿಗಾಗಿ. ಬಣ್ಣ ತಿರುಗಿದ ಮೇಲೆ ಹಗಲಿನ ಜೇನು, ಚಿಟ್ಟೆಗಳ ಸರದಿ. ಎರಡು ಪಾಳಿಯಲ್ಲಿ ಅತಿಥಿಗಳನ್ನು ಕರೆಯುವ ಈ ಜಾಣ್ಮೆಯನ್ನು ನೋಡಲು ಸಂಜೆ ಆರೂವರೆಯಿಂದ ಅರ್ಧ ಗಂಟೆ ಅಂಗಳದಲ್ಲಿ ಕುಳಿತರಾಯಿತು.

ರಾತ್ರಿ ಬಳ್ಳಿಯ ಬಳಿ ಮಲಗಿದರೆ ಉಸಿರು ಕಟ್ಟುತ್ತದೆ ಎಂಬುದೂ ಸುಳ್ಳು. ಗಿಡಗಳು ರಾತ್ರಿ ಇಂಗಾಲದ ಡೈಆಕ್ಸೈಡ್ ಬಿಡುವುದು ನಿಜವಾದರೂ ಪಕ್ಕದಲ್ಲಿ ಮಲಗಿದ ಒಬ್ಬ ಮನುಷ್ಯ ಬಿಡುವುದು ಅದಕ್ಕಿಂತ ಹೆಚ್ಚು. ಗಾಢ ಪರಿಮಳಕ್ಕೆ ತಲೆನೋವು ಬರುವವರು ಮಾತ್ರ ಮಲಗುವ ಕೋಣೆಯ ಕಿಟಕಿಗೆ ಹಬ್ಬಿಸದಿರಲಿ. ಹಳೆಗನ್ನಡ ಕಾವ್ಯಗಳ ಮಾಧವಿಯೇ ಇದು ಎನ್ನುವವರೂ ಇದ್ದಾರೆ. ಆ ಮಾಧವೀಲತೆ ಬೇರೆ, ರೆಕ್ಕೆಯಂಥ ಕಾಯಿ ಬಿಡುವ ಬೇರೊಂದು ಕುಟುಂಬದ ಬಳ್ಳಿ.

ಜಂತುಹುಳುವಿಗೆ ಮಧುಮಾಲತಿಯ ಬೀಜ ಮದ್ದು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ, ಅದೇ ಅಪಾಯ. ಚೀನಾ ಮತ್ತು ಆಗ್ನೇಯ ಏಷ್ಯಾದಲ್ಲಿ ಹಾಗೆ ಬಳಸುತ್ತಾ ಬಂದಿದ್ದಾರೆ. ಆದರೆ ಪ್ರಮಾಣ ತಪ್ಪಿದರೆ ಬಿಕ್ಕಳಿಕೆ, ವಾಂತಿ, ತಲೆಸುತ್ತು. ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಉಚಿತವಾಗಿ ಸಿಗುವಾಗ ಮಕ್ಕಳಿಗೆ ಬೀಜ ತಿನ್ನಿಸುವುದು ಬೇಡವೇ ಬೇಡ.

ಬೆಳೆಸುವವರಿಗೆ ಬೀಜದ ಗೊಡವೆಯೂ ಬೇಡ, ಕಾಯಿ ಕಟ್ಟುವುದೇ ಅಪರೂಪ. ಹಳೆಯ ಬಳ್ಳಿಯ ಬೇರಿನಿಂದ ಎದ್ದ ಮರಿಯನ್ನು, ಇಲ್ಲವೇ ಪೆನ್ಸಿಲ್ ದಪ್ಪದ ಕಡ್ಡಿಯನ್ನು ಜೂನ್–ಜುಲೈನಲ್ಲಿ ನೆಟ್ಟರೆ ಮಳೆಯಲ್ಲೇ ಬೇರು ಹಿಡಿಯುತ್ತದೆ. ಬೀದರ್ ನಗರದ ಜಂಬಿಟ್ಟಿಗೆ ನೆಲದಲ್ಲಿ ಎರಡು ಅಡಿ ಆಳದ ಗುಂಡಿ ತೆಗೆದು, ಗಟ್ಟಿ ಪದರ ಒಡೆದು, ಒಳ್ಳೆಯ ಮಣ್ಣು, ತಿಪ್ಪೆಗೊಬ್ಬರ ತುಂಬಬೇಕು. ಭಾಲ್ಕಿ, ಔರಾದ್‌ನ ಎರೆಮಣ್ಣಿನ ತೊಂದರೆ ಬೇರೆ, ಅಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಮರಳು ಬೆರೆಸಿ, ನೆಲಕ್ಕಿಂತ ತುಸು ಎತ್ತರದ ಏರಿಯಲ್ಲಿ ನೆಡಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಹೂ ಕಡಿಮೆಯಾಯಿತೆಂದು ಯೂರಿಯಾ ಸುರಿದರೆ ಸೊಪ್ಪೇ ಸೊಪ್ಪು.

ಬೀದರ್ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಆ ಎತ್ತರದ ಡಿಸೆಂಬರ್ ಚಳಿಗೆ ಎಲೆ ಹಳದಿಯಾಗಿ ಉದುರಿದ್ದನ್ನು ನೋಡಿ ಬಳ್ಳಿ ಸತ್ತಿತೆಂದು ಕಿತ್ತೆಸೆಯುವವರಿದ್ದಾರೆ. ಕಾಂಡವನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವವಿದೆ. ಹೂವು ಬರುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ಫೆಬ್ರುವರಿಯಲ್ಲಿ ಧೈರ್ಯವಾಗಿ ಸವರಿ. ಇಪ್ಪತ್ತು ಅಡಿಗೂ ಮಿಕ್ಕಿ ಏರುವ, ವರ್ಷ ಕಳೆದಂತೆ ಮರದಂತೆ ಗಟ್ಟಿಯಾಗುವ ಬಳ್ಳಿಯಿದು. ಕಬ್ಬಿಣದ ಪೈಪಿನ ಹಂದರ ಹಾಕಿ, ವಿದ್ಯುತ್ ತಂತಿಯಿಂದ ದೂರವಿಡಿ.