ಸ್ತನ ಕ್ಯಾನ್ಸರ್ ಔಷಧಿಯ ವೈದ್ಯಕೀಯ ಪರೀಕ್ಷೆ: ಉದ್ಯಮಕ್ಕೊಂದು ಪಾಠ

ಪ್ರಯೋಗಾಲಯದಲ್ಲಿ ಫಲ ನೀಡಿದ ಅಣುಗಳೆಲ್ಲವೂ ಔಷಧಿಗಳಾಗುವುದಿಲ್ಲ. ಮಾನವರ ಮೇಲಿನ ಪರೀಕ್ಷೆಗಳನ್ನು ದಾಟಿದ ಬಳಿಕವೇ ಅವುಗಳಿಗೆ ಮಾರುಕಟ್ಟೆಯ ಬಾಗಿಲು ತೆರೆಯುತ್ತದೆ. ಈ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ. ಮೊದಲನೆಯದರಲ್ಲಿ ಕೆಲವೇ ಜನರಲ್ಲಿ ಸುರಕ್ಷತೆ ಹಾಗೂ ಪ್ರಮಾಣವನ್ನು, ಎರಡನೆಯದರಲ್ಲಿ ಪರಿಣಾಮದ ಸೂಚನೆಗಳನ್ನು ಪರಿಶೀಲಿಸಲಾಗುತ್ತದೆ. ಮೂರನೆಯದರಲ್ಲಿ ನೂರಾರು ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಪ್ರಚಲಿತ ಚಿಕಿತ್ಸೆಯೊಡನೆ ಹೊಸ ಔಷಧಿಯನ್ನು ನೇರವಾಗಿ ಹೋಲಿಸಲಾಗುತ್ತದೆ.

ಮುಂದುವರಿದ ಸ್ತನ ಕ್ಯಾನ್ಸರಿನ ಔಷಧಿ ಟ್ರಾಸ್ಟುಜುಮಾಬ್ ಇದಕ್ಕೆ ಉತ್ತಮ ನಿದರ್ಶನ. ಹರ್-2 ಜೀನಿನ ಪ್ರತಿಗಳು ಹೆಚ್ಚಾಗಿರುವ ಗೆಡ್ಡೆಗಳು ಬೇಗನೆ ಮರುಕಳಿಸುತ್ತವೆ ಎಂಬುದನ್ನು ಡಾ. ಡೆನ್ನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಅಮೆರಿಕದ ಜೆನೆನ್‌ಟೆಕ್ ಸಂಸ್ಥೆ ಇದಕ್ಕೆ ಪ್ರತಿಕಾಯವೊಂದನ್ನು ರೂಪಿಸಿತು. ಮೂರನೇ ಹಂತಕ್ಕೆ ಇಂಥ ಗೆಡ್ಡೆಗಳಿದ್ದ 469 ಮಹಿಳೆಯರನ್ನು ಮಾತ್ರ ಆಯ್ದುಕೊಳ್ಳಲಾಯಿತು. ಕೀಮೋಥೆರಪಿಯೊಂದನ್ನೇ ಪಡೆದವರಲ್ಲಿ ಬದುಕುಳಿದ ಅವಧಿಯ ಮಧ್ಯಾಂಕ 20.3 ತಿಂಗಳಾಗಿದ್ದರೆ, ಜೊತೆಗೆ ಹೊಸ ಔಷಧಿಯನ್ನೂ ಪಡೆದವರಲ್ಲಿ ಅದು 25.1 ತಿಂಗಳಿಗೇರಿತು. 1998ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ನೀಡಿತು.

ಅದೇ ಪರೀಕ್ಷೆ ಒಂದು ಅಪಾಯವನ್ನೂ ಬಯಲಿಗೆಳೆಯಿತು. ಆಂತ್ರಾಸೈಕ್ಲಿನ್ ವರ್ಗದ ಕೀಮೋಥೆರಪಿ ಮಾತ್ರ ಪಡೆದವರಲ್ಲಿ ಶೇ. 8ರಷ್ಟು ಮಂದಿಗೆ ಹೃದಯದ ತೊಂದರೆ ಕಾಣಿಸಿಕೊಂಡರೆ, ಟ್ರಾಸ್ಟುಜುಮಾಬ್ ಸೇರಿದಾಗ ಆ ಪ್ರಮಾಣ ಶೇ. 27ಕ್ಕೇರಿತು. ಹೋಲಿಕೆಯ ಗುಂಪು ಇಲ್ಲದಿದ್ದರೆ ಲಾಭ ಮತ್ತು ಹಾನಿ ಎರಡನ್ನೂ ಹೀಗೆ ಅಳೆಯುವುದು ಸಾಧ್ಯವಾಗುತ್ತಿರಲಿಲ್ಲ. ಇಂದು ಈ ಚಿಕಿತ್ಸೆಗೆ ಮುನ್ನ ಹಾಗೂ ಚಿಕಿತ್ಸೆಯ ಅವಧಿಯಲ್ಲಿ ಹೃದಯದ ತಪಾಸಣೆ ನಡೆಸಲಾಗುತ್ತದೆ.

ದುಬಾರಿಯಾದ ಈ ಔಷಧಿಗೆ 'ಬಯೋಸಿಮಿಲರ್' ಎನಿಸುವ ಸದೃಶ ಔಷಧಿಯನ್ನು ಬೆಂಗಳೂರಿನ ಬಯೋಕಾನ್, ಮೈಲಾನ್ ಸಂಸ್ಥೆಯ ಸಹಯೋಗದಲ್ಲಿ ಅಭಿವೃದ್ಧಿಪಡಿಸಿತು. ಭಾರತದಲ್ಲಿ 2014ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಆದರೆ ಜೀವಕೋಶಗಳಲ್ಲಿ ತಯಾರಾಗುವ ಪ್ರತಿಕಾಯವನ್ನು ರಾಸಾಯನಿಕ ಮಾತ್ರೆಯಂತೆ ಯಥಾವತ್ತಾಗಿ ನಕಲು ಮಾಡಲಾಗದು. ಆದ್ದರಿಂದ ಮೂಲ ಔಷಧಿಯೊಡನೆ ಅದನ್ನು ಹೋಲಿಸುವ ಅಂತರರಾಷ್ಟ್ರೀಯ ಪರೀಕ್ಷೆಯೂ ನಡೆಯಿತು. 458 ರೋಗಿಗಳ ವಿಶ್ಲೇಷಣೆಯಲ್ಲಿ, 24 ವಾರಗಳ ನಂತರ ಚಿಕಿತ್ಸೆಗೆ ಸ್ಪಂದಿಸಿದವರ ಪ್ರಮಾಣ ಹೊಸ ಔಷಧಿಯಲ್ಲಿ ಶೇ. 69.6, ಮೂಲ ಔಷಧಿಯಲ್ಲಿ ಶೇ. 64 ಇತ್ತು. ಈ ವ್ಯತ್ಯಾಸ ಪೂರ್ವನಿರ್ಧರಿತ ಮಿತಿಯೊಳಗೇ ಇದ್ದುದರಿಂದ ಎರಡನ್ನೂ ಸಮಾನವೆಂದು ಪರಿಗಣಿಸಲಾಯಿತು. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಅನುಮತಿಯೂ ದೊರೆಯಿತು.

ಭಾರತದ 2019ರ ನಿಯಮಗಳಂತೆ ಇಂಥ ಪರೀಕ್ಷೆಗಳಿಗೆ ನೈತಿಕ ಸಮಿತಿಯ ಒಪ್ಪಿಗೆ, ರೋಗಿಯ ತಿಳಿವಳಿಕೆಯುಕ್ತ ಸಮ್ಮತಿ ಹಾಗೂ ಪರೀಕ್ಷೆಯಿಂದ ಹಾನಿಯಾದಲ್ಲಿ ಪರಿಹಾರ ಕಡ್ಡಾಯ. ಇವುಗಳಿಗೆ ತಗಲುವ ಕಾಲ ಮತ್ತು ಹಣವನ್ನು ಕೇವಲ ಹೊರೆಯೆಂದು ಭಾವಿಸುವುದು ಸಲ್ಲದು. ಔಷಧೋದ್ಯಮವು ಮಾರುವುದು ಅಣುವನ್ನಷ್ಟೇ ಅಲ್ಲ, ಅದರ ಬಗೆಗಿನ ವಿಶ್ವಾಸಾರ್ಹ ಪುರಾವೆಯನ್ನೂ ಸಹ. ಆ ಪುರಾವೆಯನ್ನು ಒದಗಿಸುವವರು ಪರೀಕ್ಷೆಗೆ ಒಪ್ಪಿದ ರೋಗಿಗಳೇ ಎಂಬುದನ್ನು ಮರೆಯಲಾಗದು.