ಹಿತ್ತಿಲಿನ ಪಾಲುಪಾರಿಕತ್ತು

ಮನೆತನಗಳಲ್ಲಿ ಪಾಲು ಎಂದರೆ ಮನಸ್ತಾಪ. ಹಿತ್ತಿಲಿನಲ್ಲಿ ಮಾತ್ರ ಪಾಲಾದ ಮೇಲೆಯೇ ಏಳಿಗೆ. ಮಜ್ಜಿಗೆಹುಲ್ಲಿನ ಮೆಳೆಯನ್ನು ನಾಲ್ಕಾರು ವರ್ಷ ಮುಟ್ಟದೆ ಬಿಟ್ಟು ನೋಡಿರಿ. ಅಂಚಿನಲ್ಲಿ ಹೊಸ ಗರಿಗಳು ಹಸುರಾಗಿದ್ದರೂ ನಡುವೆ ಒಣಗಿದ ಬುಡಗಳಷ್ಟೇ ಉಳಿದಿರುತ್ತವೆ. ಕಾಬಾಳೆಯ ಗತಿಯೂ ಇದೇ. ಗಡ್ಡೆಗೆ ಗಡ್ಡೆ ಒತ್ತಿ ಹೂವು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಅಗೆದು, ಬಿಡಿಸಿ, ಬೇರೆಡೆ ನೆಡುವುದೊಂದೇ ಇವುಗಳ ಮುಪ್ಪಿಗೆ ಮದ್ದು.

ಅದಕ್ಕೆ ತಕ್ಕ ಕಾಲ ಶರದೃತು. ಚಳಿನಾಡುಗಳಲ್ಲಿ ಹಿಮ ಬೀಳುವ ಮುನ್ನ, ನೆಲದಲ್ಲಿ ಬೇಸಗೆಯ ಬಿಸುಪು ಉಳಿದಿರುವಾಗಲೇ, ಈ ಕೆಲಸ ಮುಗಿಸುತ್ತಾರೆ. ನಮ್ಮಲ್ಲಿ ಕಾರಣ ಬೇರೆ. ಬೇರು ಹರಿದ ಗಿಡವು ಎಲೆಗಳಿಂದ ಆವಿಯಾಗಿ ಹೋಗುವಷ್ಟು ನೀರನ್ನು ಕೆಲವು ದಿನ ಹೀರಲಾರದು. ಮಳೆಯಿಂದ ನೆಲ ತಣಿದು ಬಿಸಿಲಿನ ಕಾವು ಇಳಿದ ಆಶ್ವಯುಜದಲ್ಲಿ ಆ ನಷ್ಟ ಕಡಿಮೆ.

ಆದರೆ ನರಗುಂದ ತಾಲೂಕಿನ ಕೊಣ್ಣೂರಿನಂಥ ಊರಿನಲ್ಲಿ ಪಂಚಾಂಗವೊಂದನ್ನೇ ನಂಬಿದರೆ ಸಾಲದು. ಇದು ಮಲಪ್ರಭೆಯ ದಂಡೆಯ ಪುರಾತನ ಗ್ರಾಮ. ರಾಷ್ಟ್ರಕೂಟ ಅಮೋಘವರ್ಷನ 860ರ ದಾನವನ್ನು ಹೇಳುವ ಶಿಲಾಶಾಸನ ಇದನ್ನು ‘ಕೊಳನೂರ’ ಎಂದು ಕರೆಯುತ್ತದೆ. ಇಲ್ಲಿಯ ನೆಲ ಎರೆ. ಹಸಿಯಿದ್ದಾಗ ಗುದ್ದಲಿಗೆ ಅಂಟಿ ಬಿಡದು. ಒಣಗಿದರೆ ಕೈ ತೂರುವಷ್ಟು ಬಿರುಕು. ಹಸಿ ಎರೆಯನ್ನು ತುಳಿದು ನೆಟ್ಟರೆ ಮಣ್ಣು ಹೆಂಟೆಗಟ್ಟಿ, ಗಾಳಿಯಾಡದೆ ಬೇರು ಕೊಳೆಯುತ್ತದೆ. ತಡಮಾಡಿದರೆ ಬಿರಿಯುವ ನೆಲವೇ ಎಳೆಬೇರನ್ನು ಹರಿದೀತು. ಹಸ್ತ, ಚಿತ್ತ, ಸ್ವಾತಿ ಮಳೆಗಳ ನಡುವೆ ದೊರೆಯುವ ಕೆಲವೇ ದಿನಗಳು ಹದದ ದಿನಗಳು. ಹಿಡಿಮಣ್ಣು ಒತ್ತಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಹೊಲದಲ್ಲಿ ಹಿಂಗಾರಿ ಜೋಳದ ಬಿತ್ತನೆಗೂ ಇದೇ ಹದ. ಆದ್ದರಿಂದ ಹಿತ್ತಿಲಿನ ಕೆಲಸ ಬಹುಮಟ್ಟಿಗೆ ಮನೆಯಲ್ಲಿ ಉಳಿದ ಹೆಂಗಸರ, ಹಿರಿಯರ ಪಾಲಿಗೆ ಬರುವುದು ಸಹಜ.

ಸಂಜೆಯ ಹೊತ್ತು ಮೆಳೆಯನ್ನು ಮಣ್ಣುಸಹಿತ ಎತ್ತಬೇಕು. ನಡುವಿನ ಸತ್ತ ಬುಡವನ್ನು ಎಸೆದು, ಬೇರುಳ್ಳ ಮೂರು-ನಾಲ್ಕು ಕುಡಿಗಳಿಗೊಂದು ಪಾಲು ಮಾಡಿ, ಗರಿಗಳನ್ನು ಗೇಣುದ್ದಕ್ಕೆ ಕತ್ತರಿಸಬೇಕು. ಹಸುರನ್ನು ಕತ್ತರಿಸಲು ಅನೇಕರಿಗೆ ಕೈ ಬಾರದು. ಆದರೆ ಗಿಡವನ್ನು ಬದುಕಿಸುವುದು ಆ ಕತ್ತರಿಯೇ. ಕಾಬಾಳೆಯ ಪ್ರತಿ ತುಂಡಿನಲ್ಲಿ ಎರಡು ಕಣ್ಣುಗಳಾದರೂ ಇರಲಿ. ಲೋಳಸರದ ಮರಿಗಳನ್ನು ಗಾಯ ಒಣಗುವವರೆಗೆ ಎರಡು ದಿನ ನೆರಳಿನಲ್ಲಿಟ್ಟು ನೆಡಬೇಕು. ಎರೆಗೆ ಮರಳನ್ನೂ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಬೆರೆಸಿ, ಮಡಿಯನ್ನು ತುಸು ಎತ್ತರಿಸಿದರೆ ನೀರು ನಿಲ್ಲದು. ಒಂದು ವಾರ ನೆರಳು ಕಟ್ಟಿದರೆ ಸಾಕು.

ಎಲ್ಲ ಪಾಲುಗಳನ್ನೂ ಒಂದೇ ಅಂಗಳದಲ್ಲಿ ನೆಡುವುದು ಮಾತ್ರ ಜಾಣತನವಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿನ ಮನೆಗಳಿಗೇ ನುಗ್ಗಿತು. ಅಂಥ ನೆರೆಯಲ್ಲಿ ಹಿತ್ತಿಲಿನ ಲೆಕ್ಕ ಇಡುವವರಾರು? ನಿಂತ ನೀರನ್ನು ಕಾಬಾಳೆ ಸಹಿಸೀತು. ಲೋಳಸರ, ಮಜ್ಜಿಗೆಹುಲ್ಲು ಸಹಿಸವು. ಬೀಜದ ಸಸಿ ತಾಯಿಯನ್ನು ಹೋಲೀತು, ಹೋಲದೆಯೂ ಇದ್ದೀತು. ಒಡೆದ ಪಾಲಾದರೋ ತಾಯಿಗಿಡವೇ. ಎತ್ತರದ ಓಣಿಯ ನೆರೆಯವರಿಗೋ, ಗದಗಿಗೋ ಹುಬ್ಬಳ್ಳಿಗೋ ಕೊಟ್ಟ ಮಗಳ ಮನೆಗೋ ಒಂದು ಪಾಲು ಹೋಗಿದ್ದರೆ, ಅತ್ತೆಯ ಕಾಲದ ಆ ಗಿಡವೇ ಮುಂದಿನ ಶರತ್ತಿಗೆ ಹಿಂದಿರುಗಿ ಬರಬಲ್ಲದು. ಪೇಟೆಯ ಸಸಿ ಹಾಗೆ ಬಾರದು.

ಸೇವಂತಿಗೆಯನ್ನು ಮಾತ್ರ ಈಗ ಮುಟ್ಟಬಾರದು. ಅದು ಮೊಗ್ಗು ಹೊತ್ತ ಕಾಲ. ಬೇರು ಕದಲಿದರೆ ಹೂವಿನ ಆಸೆ ಬಿಡಬೇಕು. ಹೂವೆಲ್ಲ ಮುಗಿದ ಮೇಲೆ ಗಿಡವನ್ನು ಬುಡದವರೆಗೆ ಕತ್ತರಿಸಿದರೆ ಸುತ್ತ ಹೊಸ ಕುಡಿಗಳು ಏಳುತ್ತವೆ. ಅವನ್ನು ಬೇರುಸಹಿತ ಬಿಡಿಸಿ ಹಂಚುವುದು ಪುಷ್ಯ-ಮಾಘಗಳ ಕೆಲಸ.